ಮೇಣದ ಕಡ್ಡಿಗೆ ಸಿಕ್ಕಿಬಿದ್ದ ನೊಕಾರ್ಡಿಯಾ

ಬೆರಳಿಗೆ ಗುಲಾಬಿ ಮುಳ್ಳು ಚುಚ್ಚಿತ್ತು. ಅಲ್ಲಿಂದ ಮೊಣಕೈವರೆಗೆ ಸಾಲುಸಾಲು ಗಂಟುಗಳು. ರೋಗಿಗೆ ಸಕ್ಕರೆ ಕಾಯಿಲೆ ಇಲ್ಲ, ಎಚ್‌ಐವಿ ಇಲ್ಲ, ಸ್ಟೀರಾಯ್ಡ್ ಮುಟ್ಟಿದವರೂ ಅಲ್ಲ. ಇಂಥ ಸಾಲು ಕಂಡರೆ ಎಲ್ಲರ ಬಾಯಿಗೂ ಮೊದಲು ಬರುವುದು ಸ್ಪೋರೋಟ್ರೈಕೋಸಿಸ್ ಎಂಬ ಶಿಲೀಂಧ್ರದ ಸೋಂಕು. ಹೆಚ್ಚು ಕಡಿಮೆ ಎರಡು ತಿಂಗಳು ಅದರ ಔಷಧಿ ಇಟ್ರಾಕೊನಜೋಲ್ ನುಂಗಿದ್ದರು. ಗಂಟು ಕರಗಲಿಲ್ಲ, ಜೇಬು ಕರಗಿತು.

ನನ್ನ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಲ್ಯಾಬಿನಲ್ಲಿ ಮೊದಲ ಕೀವಿನ ಪ್ಲೇಟನ್ನು, ನಿಧಾನಕ್ಕೆ ಬೆಳೆಯುವ ಜೀವಿ ಇರಬಹುದೆಂದು ಯೋಚಿಸದೆ, 48 ಗಂಟೆಗೆ 'ಬೆಳವಣಿಗೆ ಇಲ್ಲ' ಎಂದು ಬರೆದು ಎಸೆದವನು ನಾನೇ. ಎರಡನೆಯದನ್ನು ಚರ್ಮದ ಮೇಲೆ ಸಾಮಾನ್ಯವಾಗಿರುವ ಸ್ಟ್ಯಾಫ್ ಬ್ಯಾಕ್ಟೀರಿಯಾ ನುಂಗಿಹಾಕಿತು. ಮೂರನೆಯ ಸಲ ಗಂಟಿನ ತುಣುಕನ್ನೇ ಕೇಳಿ ತರಿಸಿಕೊಂಡೆ. ಗ್ರಾಮ್ ಬಣ್ಣದಲ್ಲಿ ಮಣಿ ಪೋಣಿಸಿದಂತಹ ಕವಲು ಎಳೆಗಳು ಕಂಡವು. ಮಣ್ಣಿನಲ್ಲಿರುವ ನೊಕಾರ್ಡಿಯಾ ಎಂಬ ಬ್ಯಾಕ್ಟೀರಿಯಾ ಕಾಣುವುದು ಹೀಗೆ. ಹಚ್ಚಿದ ಕೆಂಪು ಬಣ್ಣವನ್ನು ಆಮ್ಲಕ್ಕೂ ಬಿಡದೆ ಹಿಡಿದಿಡುತ್ತದೆಯೇ ಎಂದು ನೋಡಲು, ಖುಷಿಯಲ್ಲಿ ಕ್ಷಯಕ್ಕೆ ಬಳಸುವ 20% ಆಮ್ಲವನ್ನೇ ಸುರಿದೆ, ಕೆಂಪೆಲ್ಲ ತೊಳೆದುಹೋಯಿತು. 1% ಸಾಕಾಗಿತ್ತು.

"ಗಟ್ಟಿಮುಟ್ಟಾದವರಿಗೆ ನೊಕಾರ್ಡಿಯಾ ಎಲ್ಲಿಂದ ಬರಬೇಕು? ಹೊರಗಿನ ಕೊಳೆ ಸೇರಿರಬೇಕು, ಬಿಡಿ" ಎಂದರು ಹಿರಿಯರೊಬ್ಬರು. ಶ್ವಾಸಕೋಶದ ಮಟ್ಟಿಗೆ ಅವರ ಮಾತು ಬಹುಪಾಲು ಸರಿ. ಚರ್ಮದಲ್ಲಿ ನೊಕಾರ್ಡಿಯಾದ ಬ್ರೆಸಿಲಿಯೆನ್ಸಿಸ್ ಎಂಬ ಪ್ರಭೇದ ಅಂಥ ಭೇದ ಮಾಡುವುದಿಲ್ಲ.

ನೊಕಾರ್ಡಿಯಾ ಬೆಳೆಸಲು ಒಗ್ಗುವ ಬಿಸಿವೈಇ ಪ್ಲೇಟ್ ಕೇಳಿದರೆ, ಒಂದು ಸ್ಯಾಂಪಲ್‌ಗಾಗಿ ಇಡೀ ಪೆಟ್ಟಿಗೆ ತರಿಸಲಾಗದು ಎಂಬ ಉತ್ತರ ಬಂತು. ಹಾಗಾಗಿ ಹಳೆಯ ಪ್ಯಾರಾಫಿನ್ ವಿಧಾನಕ್ಕೆ ಕೈ ಹಾಕಿದೆ: ಪ್ಯಾರಾಫಿನ್ ಮೇಣವನ್ನೇ ತಿಂದು ನೊಕಾರ್ಡಿಯಾ ಬದುಕಬಲ್ಲದು. ಅಂಗಾಂಶದ ತುಣುಕುಗಳನ್ನು ಪರೀಕ್ಷಿಸುವ ಪಕ್ಕದ ಹಿಸ್ಟೋಪೆಥಾಲಜಿ ಕೋಣೆಯಿಂದ ಮೇಣದ ಚೂರುಗಳು ಪುಕ್ಕಟೆಯಾಗಿ ಸಿಕ್ಕವು. ಗಾಜಿನ ಕಡ್ಡಿಗೆ ಮೇಣ ಹಚ್ಚಿ, ಇಂಗಾಲದ ಬೇರೆ ಆಹಾರವಿಲ್ಲದ ದ್ರವದಲ್ಲಿ ನಿಲ್ಲಿಸಿದೆ. ಮೇಣ ಸುಲಿದುಹೋಗದಂತೆ ಹಿಡಿಸಲು ಒಂದು ಕೈಚಳಕವಿದೆ, ಅದು ನನ್ನಲ್ಲೇ ಇರಲಿ. ಒಂಬತ್ತೋ ಹತ್ತೋ ದಿನಕ್ಕೆ, ದ್ರವ ಗಾಳಿಗೆ ತಾಗುವ ಗೆರೆಯಲ್ಲಿ, ಸುಣ್ಣದ ಪುಡಿ ಮೆತ್ತಿದಂತೆ ಬಿಳಿ ಉಂಗುರ ಮೂಡಿತು. ಅದರಿಂದ ಹಾಲಿನ ಅಗಾರ್‌ಗೆ ಗೀರಿದಾಗ ಕಾಲೊನಿಗಳ ಸುತ್ತ ಹಾಲಿನ ಪ್ರೋಟೀನಾದ ಕೇಸೀನ್ ಕರಗಿ ತಿಳಿಯಾಯಿತು. ಗುಂಪು ತಿಳಿಯಲು ನನಗೆ ಅಷ್ಟು ಸಾಕಿತ್ತು. ಪೂರ್ತಿ ಹೆಸರನ್ನು ಹೊರಗಿನ ಲ್ಯಾಬ್‌ನಲ್ಲಿ ಜೀನ್ ಓದಿಸಿ ಖಚಿತಪಡಿಸಿಕೊಂಡೆವು. ಬ್ರೆಸಿಲಿಯೆನ್ಸಿಸ್ಸೇ.

ಹುಚ್ಚು ಹತ್ತಿದ ಮೇಲೆ ಗುಲಾಬಿ ಕುಂಡದ ಮಣ್ಣನ್ನೂ ಏಳೆಂಟು ಟ್ಯೂಬಿಗೆ ಹಾಕಿದೆ. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಏನೋ ಒಂದು ಬೆಳೆಯಿತು, ಮುಚ್ಚಳ ತೆಗೆಯುವಾಗಲೇ ಮೊದಲ ಮಳೆಯ ವಾಸನೆ. ಬೇಕೆಂದು ಮೂಸಲು ಹೋಗಬೇಡಿ. ಬಣ್ಣದ ಮೇಣದಬತ್ತಿಯಲ್ಲೂ ಪ್ರಯತ್ನಿಸಿದೆ, ಕೆಟ್ಟಿತು.

ರೋಗಿಗೆ ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರು. ಅದುವರೆಗೆ ನುಂಗಿದ್ದಕ್ಕೆ ಹೋಲಿಸಿದರೆ ಪುಡಿಗಾಸಿನ ಮಾತ್ರೆ. ಮೂರನೆಯ ವಾರಕ್ಕೆ ಮೇಲಿನ ಗಂಟುಗಳು ಕುಗ್ಗಿದವು, ಸುಮಾರು ಮೂರು ತಿಂಗಳಿಗೆ ಕಲೆ ಮಾತ್ರ ಉಳಿಯಿತು.

ಅದೇ ಹಿರಿಯರು ಮೊನ್ನೆ ಒಂದು ಸ್ಯಾಂಪಲ್ ಕಳುಹಿಸಿ, ಚೀಟಿಯಲ್ಲಿ 'ಮೂರು ವಾರ ಇಡಿ' ಎಂದು ಬರೆದಿದ್ದರು. ಇಟ್ಟೆ. ಬೆಳೆದದ್ದು ಬರೀ ಸ್ಟ್ಯಾಫ್.