ಹಳೆ ಪುಸ್ತಕ ಹುಡುಕಿಕೊಡುವ ನನ್ನ ಲೆಕ್ಕ

"ಸರ, ಆ ಪುಸ್ತಕದ್ದು ಪಿಡಿಎಫ್ ಇದ್ರ ಕಳಸ್ರಿ." ವಿಜಯಪುರದಲ್ಲಿ ನನಗೆ ಬರುವ ವಾಟ್ಸಾಪ್ ಮೆಸೇಜುಗಳಲ್ಲಿ ಇಂಥವೇ ಜಾಸ್ತಿ. ಓದಿದ ಪುಸ್ತಕ ಯಾವುದು, ನೆಟ್‌ನಲ್ಲಿ ಎಲ್ಲಿ ಸಿಗುತ್ತದೆ ಅಂತ ಬರೆದಿಡುವ ಚಟ ನನಗಿದೆ. ಅದು ಊರಿಗೆಲ್ಲ ಗೊತ್ತಾಗಿಬಿಟ್ಟಿದೆ. ಯಾರೇ ಕೇಳಲಿ, ಮೊದಲು ಬರೆದವರು ತೀರಿಕೊಂಡ ವರ್ಷ ನೋಡುತ್ತೇನೆ.

ನಮ್ಮ ಕಾನೂನಿನಲ್ಲಿ ಲೇಖಕರು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ತೀರಿಕೊಂಡ ಮರುವರ್ಷದ ಜನವರಿ 1ರಿಂದ ಲೆಕ್ಕ ಶುರು. ಮೊದಲು ಇದು 50 ವರ್ಷ ಇತ್ತು. ರವೀಂದ್ರನಾಥ ಠಾಕೂರರ ಹಕ್ಕು ಮುಗಿಯುವ ಹೊತ್ತಿಗೆ ಹತ್ತು ವರ್ಷ ಸೇರಿಸಿದರು.

ಇದನ್ನು ಹೇಳಿಕೊಡಲು ನಮ್ಮೂರಲ್ಲೇ ಒಳ್ಳೆ ಜೋಡಿ ಇದೆ. ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿ ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ಬಾಳಿದರು. ಕರ್ನಾಟಕ ಏಕೀಕರಣಕ್ಕೆ ದುಡಿದ ಆಲೂರು ವೆಂಕಟರಾಯರು ವಿಜಯಪುರದಲ್ಲಿ ಹುಟ್ಟಿ ಧಾರವಾಡದಲ್ಲಿ ಬಾಳಿದರು. ಇಬ್ಬರೂ ಹುಟ್ಟಿದ್ದು 1880ರ ಜುಲೈನಲ್ಲಿ, ತೀರಿಕೊಂಡಿದ್ದು 1964ರಲ್ಲಿ. ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದ ಬರಹ 2025ರ ಜನವರಿ 1ರಿಂದ ಎಲ್ಲರದ್ದೂ ಆಯಿತು. ಹಲಸಂಗಿಯ ಕವಿ ಮಧುರಚೆನ್ನರು 1953ರಲ್ಲಿ ಹೋದವರು, ಅವರದ್ದು ಇನ್ನೂ ಮೊದಲೇ ಬಿಡುಗಡೆಯಾಗಿದೆ. ಬೇಂದ್ರೆಯವರದ್ದು ಕೇಳಿದರೆ ಮಾತ್ರ 2041 ಮುಗಿಯಲಿ ಅನ್ನುತ್ತೇನೆ. ನಗುತ್ತಾರೆ. ಕಾನೂನು ಇರುವುದೇ ಹಾಗೆ, ಏನು ಮಾಡೋದು?

ಇನ್ನು ಹುಡುಕಾಟ. ನಾನು ಹೆಚ್ಚು ಜಾಲಾಡುವುದು ಇಂಟರ್ನೆಟ್ ಆರ್ಕೈವ್ ಅನ್ನುವ ತಾಣ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳ ದೊಡ್ಡ ರಾಶಿ ಅಲ್ಲಿದೆ. ಆದರೆ ಕನ್ನಡ ಅಕ್ಷರದಲ್ಲಿ ಹೆಸರು ಹೊಡೆದರೆ ಎಷ್ಟೋ ಸಲ ಏನೂ ಬರುವುದಿಲ್ಲ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ಯಾರಿಗೆ ಹೇಗೆ ತೋಚಿತೋ ಹಾಗೆ ಟೈಪ್ ಮಾಡಿದ್ದಾರೆ. ದೀರ್ಘ ಇದ್ದಲ್ಲಿ ಹ್ರಸ್ವ, 'ವ' ಇದ್ದಲ್ಲಿ ಒಮ್ಮೆ 'ವಿ' ಅಕ್ಷರ, ಒಮ್ಮೆ 'ಡಬ್ಲ್ಯೂ'. ಪೂರ್ತಿ ಹೆಸರು ಬಿಟ್ಟು ಒಂದೇ ಪದ ಹಾಕುತ್ತೇನೆ, ಜೊತೆಗೆ ಲೇಖಕರ ಅಡ್ಡಹೆಸರು. ಅಲ್ಲಿ ಹಾಕಿದ ವರ್ಷವನ್ನು ನಂಬುವುದಿಲ್ಲ. ಸಿಕ್ಕ ಮೇಲೆ ಮುಖಪುಟದ ಹಿಂದಿನ ಪುಟ ತೆರೆದು ಮುದ್ರಣದ ವರ್ಷ ಓದಿಕೊಳ್ಳುತ್ತೇನೆ. ಕೊನೆಯ ಪುಟಕ್ಕೂ ಹೋಗುತ್ತೇನೆ. ನಡುವೆ ಹಾಳೆ ಹಾರಿದ, ಅಂಚು ಕತ್ತರಿಸಿಹೋದ ಪ್ರತಿಗಳು ಬೇಕಾದಷ್ಟಿವೆ. ಲಿಂಕಿನ ಪಕ್ಕದಲ್ಲೇ "ಇಂಥ ಪುಟ ಇಲ್ಲ" ಅಂತ ಬರೆದರೆ ಓದುವವರ ಅರ್ಧ ಸಿಟ್ಟು ಕಡಿಮೆ.

ವಚನ ಬೇಕಾದವರಿಗೆ ಸುಮ್ನೆ ಪಿಡಿಎಫ್ ಕಳಿಸುವುದಿಲ್ಲ. 'ವಚನ ಸಂಚಯ' ತಾಣದಲ್ಲಿ ಒಂದು ಪದ ಹಾಕಿದರೆ ಅದು ಯಾವ್ಯಾವ ವಚನದಲ್ಲಿದೆ ಎಂದು ಹುಡುಕಿಕೊಡುತ್ತದೆ. ಭಾಷಣಕ್ಕೆ ಅವಸರದಲ್ಲಿ ಕೇಳುವ ಮೇಷ್ಟ್ರುಗಳಿಗೆ ಇದಕ್ಕಿಂತ ಉಪಕಾರ ಇಲ್ಲ. ಹಳಕಟ್ಟಿಯವರು ತಾಳೆಗರಿ ಹುಡುಕುತ್ತ ಊರೂರು ತಿರುಗಿದ್ದನ್ನು ನೆನೆದರೆ ನಮ್ಮದು ಬಹಳ ಸುಖದ ಕೆಲಸ. ಅರ್ಥ ಸಿಗದ ಪದಕ್ಕೆ 'ಅಲರ್' ನಿಘಂಟು ನೋಡುತ್ತೇನೆ, ತೀರಾ ಹಳೆಯದಾದರೆ 1894ರ ಕಿಟೆಲ್ ನಿಘಂಟು.

ಒಂದು ಕಡೆ ಹುಷಾರಾಗಿರಬೇಕು. ವಚನ 12ನೇ ಶತಮಾನದ್ದಾದರೂ ಇತ್ತೀಚಿನ ಮುದ್ರಣದ ಮುನ್ನುಡಿ, ಟಿಪ್ಪಣಿ ಬರೆದವರ ಹಕ್ಕು ಬೇರೆ ಇರುತ್ತದೆ. ಅನುವಾದಕ್ಕೂ ಅಷ್ಟೇ, ಮೂಲ ಲೇಖಕರ ಜೊತೆಗೆ ಅನುವಾದಕರ ವರ್ಷವನ್ನೂ ನೋಡಬೇಕು. ಲೇಖಕರು ಬದುಕಿದ್ದಾಗ ಹೊರಬರದೆ ಆಮೇಲೆ ಪ್ರಕಟವಾದದ್ದಕ್ಕೆ 60 ವರ್ಷ ಎಣಿಸುವುದು ಪ್ರಕಟಣೆಯಿಂದ.

ಈಗ ಬರೆಯುತ್ತಿರುವವರ ಪುಸ್ತಕದ ಪಿಡಿಎಫ್ ಗ್ರೂಪುಗಳಲ್ಲಿ ಓಡಾಡುತ್ತಲೇ ಇರುತ್ತದೆ. ನಾನು ಮುಂದಕ್ಕೆ ದಾಟಿಸುವುದಿಲ್ಲ. ಬಿರಿಯಾನಿಗೆ ಇನ್ನೂರು ರೂಪಾಯಿ ಕೊಡುವವರು ಪುಸ್ತಕಕ್ಕೆ ಅಷ್ಟು ಕೊಡಲು ಅಳುತ್ತಾರೆ, ಇದು ನನಗೆ ಅರ್ಥವಾಗದ ವಿಷಯ. ಅಂಥವರಿಗೆ ಪ್ರಕಾಶಕರ ಹೆಸರು, ಬೆಲೆ ಬರೆದು ಕಳಿಸುತ್ತೇನೆ. ದುಡ್ಡಿಲ್ಲದ ಹುಡುಗರಿಗೆ ಗ್ರಂಥಾಲಯದ ಸದಸ್ಯತ್ವ ಮಾಡಿಸಿಕೊಳ್ಳಿ ಅನ್ನುತ್ತೇನೆ. ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೆ ಮೊಬೈಲಿನಲ್ಲೇ ಸೇರಬಹುದು, ಫೀಸಿಲ್ಲ.