ವೀಲ್‌ಚೇರ್ ಜೊತೆ ವಿಮಾನ ಹತ್ತುವವರಿಗೆ

ಕಾಸರಗೋಡಿನವರು ಬಜಪೆಯಿಂದ (ಮಂಗಳೂರು ವಿಮಾನ ನಿಲ್ದಾಣ) ಹೋಗಲಿ, ಮಟ್ಟನ್ನೂರಿನಿಂದ (ಕಣ್ಣೂರು ವಿಮಾನ ನಿಲ್ದಾಣ) ಹೋಗಲಿ, ಟಿಕೆಟ್ ಮಾಡುವಾಗಲೇ ಬೇಕಾದ ಸಹಾಯವನ್ನು ವಿಮಾನ ಕಂಪೆನಿಗೆ ತಿಳಿಸಿ. ತಪ್ಪಿದರೆ 48 ಗಂಟೆ ಮೊದಲಾದರೂ ಹೇಳಿ. ಬರೀ ‘ವೀಲ್‌ಚೇರ್ ಬೇಕು’ ಎಂದರೆ ಸಾಲದು, ಯಾವ ಬಗೆಯ ಸಹಾಯ ಎಂಬುದರ ಕೋಡ್ ಟಿಕೆಟ್‌ನಲ್ಲಿ ಸೇರಬೇಕು. ಮೆಟ್ಟಿಲು ಹತ್ತಬಲ್ಲವರಿಗೆ ಡಬ್ಲ್ಯೂಸಿಎಚ್‌ಆರ್, ಮೆಟ್ಟಿಲಾಗದೆ ವಿಮಾನದೊಳಗೆ ಮಾತ್ರ ನಡೆಯಬಲ್ಲವರಿಗೆ ಡಬ್ಲ್ಯೂಸಿಎಚ್‌ಎಸ್, ಸೀಟಿನವರೆಗೂ ಕುರ್ಚಿ ಬೇಕಾದವರಿಗೆ ಡಬ್ಲ್ಯೂಸಿಎಚ್‌ಸಿ. ಏಜೆಂಟರು ಸಾಮಾನ್ಯವಾಗಿ ಮೊದಲನೆಯದನ್ನೇ ಹಾಕಿಬಿಡುತ್ತಾರೆ. ಆಗ ಸೀಟುಗಳ ನಡುವೆ ಹೋಗುವ ಕಿರಿದಾದ ಕುರ್ಚಿ ಬರುವುದಿಲ್ಲ, ಕೊನೆಗೆ ಮೂಟೆಯಂತೆ ಎತ್ತಿಕೊಂಡು ಹೋಗಲು ನೋಡುತ್ತಾರೆ. ಒಪ್ಪಬೇಡಿ, ಕುರ್ಚಿ ತರಿಸಿ. ಕೋಡ್ ಸರಿಯಿದೆಯೇ ಎಂದು ಕಂಪೆನಿಗೇ ಫೋನ್ ಮಾಡಿ ಕೇಳುವುದು ಒಳ್ಳೆಯದು.

ಮಡಚುವ ಎಲೆಕ್ಟ್ರಿಕ್ ಕುರ್ಚಿಯಿಂದ ಕಳಚಿದ ಲಿಥಿಯಂ ಬ್ಯಾಟರಿ 300 ವಾಟ್-ಅವರ್ ಮೀರಬಾರದು. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ: 24 ವೋಲ್ಟ್, 12 ಆಂಪಿಯರ್-ಅವರ್ ಆದರೆ 288, ಸರಿ. ತುದಿಗಳಿಗೆ ಟೇಪ್ ಸುತ್ತಿ ಕೈಚೀಲದಲ್ಲಿಡಿ. ಲೇಬಲ್ ಅಳಿಸಿದ್ದರೆ ತಪಾಸಣೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ, ಅದರ ಬಿಲ್ಲೋ ಕೈಪಿಡಿಯೋ ಜೊತೆಗಿರಲಿ.

ಅಂಗವೈಕಲ್ಯದ ಕಾರಣಕ್ಕೆ ಹತ್ತಿಸುವುದಿಲ್ಲ ಎನ್ನುವಂತಿಲ್ಲ. ಆರೋಗ್ಯದ ನೆಪ ಹೇಳಿದರೆ, ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ 2022ರ ನಿಯಮ ತಿದ್ದುಪಡಿಯಂತೆ ವೈದ್ಯರು ಎದುರಿಗೇ ಪರೀಕ್ಷಿಸಬೇಕು. ನಿರಾಕರಣೆಯ ಕಾರಣವನ್ನು ಅಲ್ಲೇ ಲಿಖಿತವಾಗಿ ಕೇಳಿ ಪಡೆಯಿರಿ, ಸರಕಾರದ ವಿಮಾನ ಪ್ರಯಾಣಿಕರ ದೂರು ತಾಣ ಏರ್‌ಸೇವಾದಲ್ಲಿ ದೂರು ಕೊಡುವಾಗ ಆ ಕಾಗದ ಬೇಕಾಗುತ್ತದೆ.