ಮಂಚದ ಕೆಳಗಿನ ಜಾಗ: ಪುಣೆ ಹಾಸ್ಟೆಲ್‌ನಲ್ಲಿ ಸಾಮಾನು ಇಡುವುದು ಹೇಗೆ?

ಹುಬ್ಬಳ್ಳಿ, ಬೆಳಗಾವಿ, ವಿಜಯಪುರ ಕಡೆಯಿಂದ ಪುಣೆಗೆ ಓದಲು ಹೋಗುವ ಮಕ್ಕಳು ಸ್ವಾರಗೇಟ್‌ನಲ್ಲಿ ಬಸ್ ಇಳಿಯುವಾಗ ಜೊತೆಗೆ ಟ್ರಂಕು, ಬ್ಯಾಗು, ಕೌದಿ, ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟು ಎಲ್ಲಾ ಇರುತ್ತದೆ. ರೂಮಿನಲ್ಲಿ ಸಿಗುವುದು ಮಾತ್ರ ಒಂದು ಮಂಚ, ಒಂದು ಟೇಬಲ್, ಅರ್ಧ ಕಪಾಟು. ಉಳಿದದ್ದು ಮಂಚದ ಕೆಳಗೇ ಹೋಗಬೇಕು. ನಾನೂ ಅಲ್ಲಿ ನಾಲ್ಕು ವರ್ಷ ಹಾಗೇ ಇದ್ದೆ. ಮೊದಲ ಮಳೆಗಾಲದಲ್ಲೇ ರಟ್ಟಿನ ಡಬ್ಬದಲ್ಲಿದ್ದ ಪುಸ್ತಕಗಳಿಗೆ ಬೂಷ್ಟು ಹಿಡಿದಿತ್ತು. ಹೊಸದಾಗಿ ಹೋಗುವವರಿಗೆ ಹಾಗಾಗುವುದು ಬೇಡ.

ಮೊದಲು ಅಳತೆ. 6 ಅಡಿ ಉದ್ದ, 3 ಅಡಿ ಅಗಲದ ಮಂಚದ ಕೆಳಗೆ 14 ಇಂಚು ಎತ್ತರ ಇದ್ದರೆ ಸುಮಾರು 600 ಲೀಟರ್ ಜಾಗ ಸಿಗುತ್ತದೆ. ಕಡಿಮೆ ಏನಲ್ಲ, ಅಲ್ವಾ? ಆದರೆ ಎತ್ತರವನ್ನು ಅಂಚಿನಲ್ಲಿ ಅಳೆಯಬೇಡಿ. ಕಬ್ಬಿಣದ ಮಂಚಕ್ಕೆ ನಡುವೆ ಅಡ್ಡಪಟ್ಟಿ ಇರುತ್ತದೆ. ನೆಲದಿಂದ ಅದರವರೆಗೆ ಅಳೆಯಿರಿ. ಅಳೆಯುವಾಗ ಗೆಳೆಯರೊಬ್ಬರನ್ನು ಮಂಚದ ಮೇಲೆ ಕೂರಿಸಿ. ಭಾರಕ್ಕೆ ಹಲಗೆಯೋ ಪಟ್ಟಿಯೋ ತಗ್ಗುತ್ತದೆ. ಅಲ್ಲಿಂದ ಇನ್ನೊಂದು ಇಂಚು ಬಿಟ್ಟು ಡಬ್ಬ ಕೊಳ್ಳಿ. ಚಕ್ರ ಇರುವ ಡಬ್ಬವಾದರೆ ಚಕ್ರದ ಎತ್ತರವನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಡಬ್ಬ ಇಡುವ ಮುಂಚೆ ಮೊಬೈಲ್ ಟಾರ್ಚ್ ಹಾಕಿ ಮಂಚದ ಸಂದುಗಳನ್ನು ನೋಡಿ. ಕಪ್ಪು ಚುಕ್ಕೆ ಕಂಡರೆ ತಿಗಣೆ ಇರಬಹುದು. ಅದೇ ದಿನ ವಾರ್ಡನ್‌ಗೆ ಹೇಳಿ ಔಷಧಿ ಹೊಡೆಸಿ. ಸಾಮಾನು ತುಂಬಿದ ಮೇಲೆ ತಿಗಣೆ ಬಿಡಿಸುವುದು ಬಹಳ ಕಷ್ಟ. ರಟ್ಟಿನ ಡಬ್ಬ ಬೇಡವೇ ಬೇಡ ಎನ್ನಲು ಇದೂ ಒಂದು ಕಾರಣ. ಅದರ ಮಡಿಕೆಗಳಲ್ಲಿ ತಿಗಣೆ ಸುಲಭವಾಗಿ ಅಡಗುತ್ತದೆ, ರಟ್ಟು ತೇವವನ್ನೂ ಹೀರುತ್ತದೆ.

ಗಟ್ಟಿ ಮುಚ್ಚಳದ, ಒಳಗಿನದು ಕಾಣುವ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ. ಸ್ವಾರಗೇಟ್‌ನಿಂದ ಮೆಟ್ರೋ ಹತ್ತಿದರೆ ಮುಂದಿನ ಸ್ಟೇಷನ್ನೇ ಮಂಡಯಿ. ಅಲ್ಲಿಂದ ತುಳಶಿಬಾಗ್ ಮಾರುಕಟ್ಟೆಗೆ ನಡೆದೇ ಹೋಗಬಹುದು. ಅಳತೆ ಬರೆದ ಚೀಟಿ, ಟೇಪ್ ಎರಡೂ ಕೈಯಲ್ಲಿರಲಿ.

ಇನ್ನು ಜೋಡಿಸುವುದು. 3 ಅಡಿ ಅಗಲಕ್ಕೆ ಹಿಂದೆ ಮುಂದೆ ಎರಡು ಸಾಲು ಡಬ್ಬ ಹಿಡಿಯುತ್ತದೆ. ಗೋಡೆ ಕಡೆಗೆ ಸೆಮಿಸ್ಟರ್‌ಗೊಮ್ಮೆ ಬೇಕಾಗುವ ಹಳೆ ಪುಸ್ತಕ, ಸ್ವೆಟರ್, ಕೌದಿ ಇಡಿ. ಮುಂದಿನ ಸಾಲಿಗೆ ವಾರಕ್ಕೊಮ್ಮೆ ಬೇಕಾಗುವ ಬಟ್ಟೆ, ಚಪ್ಪಲಿ. ಹಿಂದಿನ ಡಬ್ಬದ ಹಿಡಿಕೆಗೆ ಒಂದು ಹಗ್ಗ ಕಟ್ಟಿ, ತುದಿಯನ್ನು ಮುಂದಕ್ಕೆ ತಂದಿಡಿ. ಮುಂದಿನ ಡಬ್ಬ ಸರಿಸಿ ಹಗ್ಗ ಎಳೆದರೆ ಸಾಕು, ಮಂಚದ ಕೆಳಗೆ ತೂರಬೇಕಾಗಿಲ್ಲ. ಖಾಲಿ ಸೂಟ್‌ಕೇಸ್‌ ಅನ್ನು ಸುಮ್ನೆ ಇಡಬೇಡಿ, ಅದೂ ಒಂದು ಡಬ್ಬವೇ.

ಟ್ರಂಕಿದ್ದರೆ ಕೆಳಗೆ ಎರಡು ಮರದ ಪಟ್ಟಿ ಇಡಿ. ಮಾವಶಿ (ಹಾಸ್ಟೆಲ್ ಕೆಲಸದಾಕೆ) ದಿನಾ ನೆಲ ಒರೆಸುವಾಗ ನೀರು ತಾಗಿ ತಳಕ್ಕೆ ತುಕ್ಕು ಹಿಡಿಯುತ್ತದೆ.

ಪುಣೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಹೆದರಬೇಕಾದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ. ಮೇ ತಿಂಗಳ ಬಿಸಿಲಲ್ಲಿ ಕೌದಿಯನ್ನು ಚೆನ್ನಾಗಿ ಒಣಗಿಸಿ. ಅದರ ಬಿಸಿ ಆರಿದ ಮೇಲೆ ಹಳೆ ಕಾಟನ್ ಸೀರೆಯಲ್ಲಿ ಸುತ್ತಿ ಡಬ್ಬಕ್ಕೆ ಹಾಕಿ. ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಒಳಗಿಡಿ. ಅರೆಒಣಗಿದ ಒಂದು ಟವೆಲ್ ಸೇರಿದರೂ ಇಡೀ ಡಬ್ಬ ಮುಗ್ಗಲು ವಾಸನೆ ಬರುತ್ತದೆ. ಮಳೆ ಬಿಡುವು ಕೊಟ್ಟ ದಿನ ಮುಚ್ಚಳ ತೆಗೆದು ಗಾಳಿಗೆ ಬಿಡಿ.

ಮಾರ್ಕ್ಸ್‌ಕಾರ್ಡ್, ಸರ್ಟಿಫಿಕೇಟ್ ಮಂಚದ ಕೆಳಗೆ ಇಡಬೇಡಿ, ಕಪಾಟಿನಲ್ಲಿ ಬೀಗ ಹಾಕಿಡಿ. ಎಕ್ಸ್‌ಟೆನ್ಷನ್ ಬೋರ್ಡ್ ಕೂಡ ಬೇಡ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಕರದಂಟು ಸ್ಟೀಲ್ ಡಬ್ಬದಲ್ಲಿ, ಟೇಬಲ್ ಮೇಲಿರಲಿ. ನೆಲದ ಮೇಲೆ ತಿನಿಸು ಇಟ್ಟರೆ ಇರುವೆ, ಜಿರಳೆ ಬರುತ್ತವೆ. ಆಮೇಲೆ ಅಕ್ಕಪಕ್ಕದ ಮಂಚದವರಿಗೂ ತೊಂದರೆ.

ನವೆಂಬರ್ ಹೊತ್ತಿಗೆ ಪುಣೆಯಲ್ಲಿ ರಾತ್ರಿ ಚಳಿ ಶುರುವಾಗುತ್ತದೆ. ಆಗ ಹಗ್ಗ ಎಳೆದು ಕೌದಿ ಹೊರತೆಗೆಯಿರಿ. ಆ ಡಬ್ಬಕ್ಕೆ ಪೂರ್ತಿ ಒಣಗಿದ ರೇನ್‌ಕೋಟ್, ಛತ್ರಿ ಹಾಕಿ ಮತ್ತೆ ಗೋಡೆ ಕಡೆಗೆ ತಳ್ಳಿ.